ನೀಲವ್ವ ಆಡಿದ ಒಂದು ಸ್ಪ್ಯಾನಿಷ್ ಮಾತು

ಮೊನ್ನೆ ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಕಿವಿಗೆ ಏನೂ ಸಿಕ್ಕಿಸಿಕೊಂಡಿರಲಿಲ್ಲ. ಈಗಿನ ಮಕ್ಕಳಿಗೆ ತಾವು ನೋಡಿದ್ದನ್ನು ಇಡೀ ಬಸ್ಸಿಗೆ ಕೇಳಿಸದಿದ್ದರೆ ಸಮಾಧಾನವಿಲ್ಲ. ಬೈಯೋಣವೆಂದು ಅವಳ ಕಡೆ ತಿರುಗಿ ಬಾಯಿ ತೆರೆದೆ. ಅಷ್ಟರಲ್ಲಿ ಮೊಬೈಲಿನೊಳಗಿನ ಹೆಂಗಸು "ಕೆ ತಾಲ್?" ಎಂದಳು. ನನ್ನ ಬಾಯಿಂದ ಬೈಗುಳದ ಬದಲು "ಮುಯ್ ಬಿಯೆನ್, ಗ್ರಾಸಿಯಾಸ್" ಎಂದು ಬಂದುಬಿಟ್ಟಿತು. ಹೇಗಿದ್ದೀಯ ಅಂದರೆ ಚೆನ್ನಾಗಿದ್ದೇನೆ ಅನ್ನುವ ಮಾತು, ಅಷ್ಟೇ. ಹುಡುಗಿ ಮೊಬೈಲು ಕೆಳಗಿಳಿಸಿ ನನ್ನನ್ನೇ ನೋಡಿದಳು.

"ಆಂಟಿ, ನಿಮಗ ಸ್ಪ್ಯಾನಿಷ್ ಬರತೈತೇನ್ರಿ?"

"ಬರತಿತ್ತು."

"ನಾ ದಿನಾ ಹತ್ತು ವಿಡಿಯೊ ನೋಡತೇನ್ರಿ. ಒಂದೊಂದು ಅರ್ಧ ನಿಮಿಷದ್ದು. ನೀವು ಎಲ್ಲಿ ಕಲ್ತ್ರಿ?"

"ಕುಪ್ಪೇಲೂರಾಗ," ಅಂದೆ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಅವಳು ನಕ್ಕಳು. ಆದರೆ ನಾನು ಹೇಳಿದ್ದು ಖರೆ. ಬಸ್ಸು ಇನ್ನೂ ಮೋಟೆಬೆನ್ನೂರು ದಾಟಿರಲಿಲ್ಲ, ಹೊತ್ತು ಕಳೆಯಬೇಕಿತ್ತು. ಅವಳಿಗೆ ಕಥೆ ಹೇಳತೊಡಗಿದೆ. ಅವಳಿಗೆ ಹೇಳಿದ್ದು ಬೇರೆ, ಈಗ ನಿಮಗೆ ಹೇಳುತ್ತಿರುವುದು ಬೇರೆ. ಏನು ಬೇರೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿರಬಹುದು. ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಮುಗಿಸಿ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್ ಆಗಿ ಸೇರಿಕೊಂಡಿದ್ದೆ. ರಾಣೆಬೆನ್ನೂರಿನ ಸುತ್ತಿನ ಊರುಗಳಲ್ಲಿ 'ಕ್ರಾಸಿಂಗ್' ಅಂದರೆ ಹಸುಗೂಸಿಗೂ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಹೈಬ್ರಿಡ್ ಬೀಜ ತನ್ನಷ್ಟಕ್ಕೆ ಆಗುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಚಿಮಟದಿಂದ ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ಕಿತ್ತುಹಾಕಬೇಕು. ಮರುದಿನ ಬೇರೆ ಜಾತಿಯ ಗಿಡದ ಪರಾಗವನ್ನು ಬೆರಳ ತುದಿಯಲ್ಲಿ ತಂದು ಆ ಹೂವಿಗೆ ಮುಟ್ಟಿಸಬೇಕು. ಮುಟ್ಟಿಸಿದ ಗುರುತಿಗೆ ತೊಟ್ಟಿಗೆ ಬಣ್ಣದ ದಾರ ಕಟ್ಟಬೇಕು. ದಾರವಿಲ್ಲದ ಕಾಯಿ ಕಂಡರೆ ಕಿತ್ತು ಒಗೆಯಬೇಕು. ಒಂದು ಗಿಡಕ್ಕೆ ಹೀಗೆ ಎಷ್ಟೋ ಹೂವು, ಒಂದು ಸಾಲಿಗೆ ಎಷ್ಟೋ ಗಿಡ. ಇದೆಲ್ಲ ಹೆಂಗಸರ ಕೈಕೆಲಸ. ಗಂಡಸರ ಬೆರಳಿಗೆ ಅಷ್ಟು ತಾಳ್ಮೆ ಇಲ್ಲ, ಬಾಯಿಗೆ ಮೊದಲೇ ಇಲ್ಲ.

ಕುಪ್ಪೇಲೂರಿನ ಒಬ್ಬ ರೈತರ ಹೊಲದಲ್ಲಿ ಬಿಳಿ ಬಲೆ ಹೊದಿಸಿದ ದೊಡ್ಡ ಮನೆ ಎಬ್ಬಿಸಿದ್ದರು. ಹೆಂಗಸರು ಅದಕ್ಕೆ 'ಪರದೆ' ಅನ್ನುತ್ತಿದ್ದರು. ಒಳಗೆ ದೊಣ್ಣಮೆಣಸಿನ ಗಿಡ. ಬೀಜ ಹೋಗುವುದು ಸ್ಪೇನ್ ದೇಶಕ್ಕೆ. ಬ್ಯಾಡಗಿಯಲ್ಲಿ ಹುಟ್ಟಿ, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಲೇ ದೊಡ್ಡವಳಾದ ನನ್ನನ್ನು ನಮ್ಮಪ್ಪ ಇದೊಂದು ಮಾತಿಗೆ ಬಿಡದೆ ಕಾಡಿದ. "ಬ್ಯಾಡಗಿ ಮಗಳಾಗಿ ಖಾರ ಇಲ್ಲದ ಮೆಣಸಿನಕಾಯಿ ಕಾಯಾಕ ಹೊಂಟೀಯಲ್ಲ, ಯಾರರ ಕೇಳಿದ್ರ ಏನ್ ಹೇಳ್ಲಿ?" ಬದನೆಕಾಯಿ ಅಂತ ಹೇಳಪ್ಪ ಅಂದಿದ್ದೆ.

ಬೀಜ ಕೊಳ್ಳುವ ಕಂಪನಿಯಿಂದ ಇನೆಸ್ ಎಂಬಾಕೆ ಬಂದು, ಆ ಹಂಗಾಮು ಮುಗಿಯುವವರೆಗೂ ರಾಣೆಬೆನ್ನೂರಿನ ಲಾಡ್ಜಿನಲ್ಲಿ ಉಳಿದಳು. ನಲವತ್ತರ ಹೆಂಗಸು, ಗಿಡಗಳ ವಿಷಯ ಅರೆದು ಕುಡಿದಿದ್ದಳು. ಆಕೆಯ ಇಂಗ್ಲಿಷು ನನ್ನ ಇಂಗ್ಲಿಷಿಗಿಂತ ಹರಕು, ನನ್ನದು ಆಕೆಯದಕ್ಕಿಂತ. ಇಬ್ಬರೂ ಕೂಡಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಹೂವು ಬಾಡಿರುತ್ತಿತ್ತು. ಕಡೆಗೆ ನಮ್ಮ ಮ್ಯಾನೇಜರು ಎಲ್ಲಿಂದಲೋ ಐದು ಸಿ.ಡಿ. ತರಿಸಿ ನನ್ನ ಕೈಗಿಟ್ಟರು. "ನೋಡವ್ವ, ಆಕಿ ಇಂಗ್ಲಿಷ್ ಕಲಿಯೂ ಪೈಕಿ ಅಲ್ಲ. ನೀನ ಸ್ಪ್ಯಾನಿಷ್ ಕಲ್ತುಬಿಡು, ಲಗೂ."

ಸಿ.ಡಿ.ಯ ತುಂಬ ಎರಡೆರಡು ಮೂರುಮೂರು ನಿಮಿಷದ ತುಣುಕುಗಳು. ಪ್ರತಿಯೊಂದರಲ್ಲೂ ಅದೇ ಗಡ್ಡದವನು, ಅದೇ ಕೆಂಪು ಅಂಗಿಯವಳು. ಟೊಮೆಟೊ ಕೊಳ್ಳುತ್ತಾರೆ, ತಪ್ಪಿ ಬೇರೆ ಬಸ್ಸು ಹತ್ತುತ್ತಾರೆ, ಹೋಟೆಲಿನಲ್ಲಿ ಮೀನು ಬೇಡ ಕೋಳಿ ಕೊಡಿ ಅನ್ನುತ್ತಾರೆ. ಹೊಲದ ಮಾಲೀಕರ ಪಡಸಾಲೆಯಲ್ಲಿ ಒಂದು ಟಿ.ವಿ., ಅದರ ಕೆಳಗೆ ಸಿ.ಡಿ. ಹಾಕುವ ಪೆಟ್ಟಿಗೆ ಇದ್ದವು. ಕರೆಂಟು ಇದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿಗೆ ಓಡುತ್ತಿದ್ದೆ. ಬುತ್ತಿ ಗಂಟಿನೊಂದಿಗೆ ನಾಲ್ಕಾರು ಹೆಂಗಸರೂ ಬಂದು ಕೂತು ರೊಟ್ಟಿ ಮುರಿಯುತ್ತ ನೋಡುತ್ತಿದ್ದರು. ನಾನು ಗಡ್ಡದವನಾಗುತ್ತಿದ್ದೆ, ಕೆಂಪು ಅಂಗಿಯವಳಾಗುತ್ತಿದ್ದೆ, ಹೇಳಿದ್ದನ್ನೇ ಇಪ್ಪತ್ತು ಸಲ ಹೇಳುತ್ತಿದ್ದೆ. ಅಲ್ಲಿ ಕಲಿತದ್ದನ್ನು ಮುಂಜಾನೆಯ ಚಹಾದ ಹೊತ್ತಿನಲ್ಲಿ ಇನೆಸಳ ಮೇಲೆ ಪ್ರಯೋಗಿಸುತ್ತಿದ್ದೆ. ನಿನ್ನ ಮನೆಯಲ್ಲಿ ಯಾರಿದ್ದಾರೆ, ನಿನ್ನೆ ಏನು ಉಂಡೆ, ಈ ಚೀಲ ಯಾರದು. ಆಕೆ ನಿಧಾನವಾಗಿ ಉತ್ತರಿಸುತ್ತಿದ್ದಳು. ಒಂದೆರಡು ತಿಂಗಳಲ್ಲಿ ನಾನು ಕುಪ್ಪೇಲೂರಿನ ಸ್ಪ್ಯಾನಿಷ್ ಪಂಡಿತೆಯಾದೆ. ಆಗ ನನಗೆ ಬಂದ ಸೊಕ್ಕನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನೀಲವ್ವನ ವಿಷಯ ಹೇಳಬೇಕು. ಕ್ರಾಸಿಂಗಿಗೆ ಬರುವ ಮೂವತ್ತು ಹೆಂಗಸರಿಗೆ ಆಕೆಯೇ ಹಿರಿಯಳು. ಐವತ್ತರ ಹತ್ತಿರ ವಯಸ್ಸು, ಗಿಡ್ಡ ಆಳು, ಉರುಟು ಮಾತು. ನನಗೆ ಚಿಮಟ ಹಿಡಿಯಲು ಕಲಿಸಿದವಳೇ ಆಕೆ. "ಅಷ್ಟ್ ಬಿಗಿ ಹಿಡೀಬ್ಯಾಡ ಯವ್ವಾ, ಅದೇನ್ ಚೇಳಲ್ಲ," ಎಂದು ನನ್ನ ಕೈ ಸಡಿಲಿಸಿದ್ದಳು. ಸುತ್ತಿನ ಹತ್ತು ಊರಿನಲ್ಲಿ 'ನೀಲವ್ವನ ಕೈ' ಅಂದರೆ ಒಂದು ಮಾತು. ಆಕೆ ಮುಟ್ಟಿದ ಸಾಲಿನ ಬೀಜ ಯಾವ ಕಂಪನಿಯ ಪರೀಕ್ಷೆಯಲ್ಲೂ ತಿರುಗಿ ಬಂದದ್ದಿಲ್ಲ. ಹಂಗಾಮು ಶುರುವಾಗುವ ಮೊದಲೇ ಬೇರೆ ಬೇರೆ ಕಂಪನಿಯವರು ಆಕೆಯ ಮನೆಗೆ ಬಂದು, ಈ ಸಲ ನಮ್ಮ ಕಡೆ ಬರ್ರಿ ಎಂದು ಕೇಳಿಹೋಗುತ್ತಿದ್ದರು. ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಆ ಹೆಸರೊಂದೇ ಆಕೆಯ ಆಸ್ತಿ. ಆಕೆಗೂ ಅದು ಗೊತ್ತಿತ್ತು, ಸ್ವಲ್ಪ ಜಂಬವೂ ಇತ್ತು.

ಇನೆಸ್ ಬಂದ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದಳು: ತಂಬಾಕು ಮುಟ್ಟಿದ ಕೈ ಪರದೆಯೊಳಗೆ ಬರಕೂಡದು. ತಂಬಾಕಿನ ಎಲೆಯಲ್ಲಿ ಒಂದು ರೋಗವಿರುತ್ತದೆ, ನಮಗೇನೂ ಮಾಡುವುದಿಲ್ಲ, ಆದರೆ ಕೈಯಿಂದ ದೊಣ್ಣಮೆಣಸಿನ ಗಿಡಕ್ಕೆ ಅಂಟಿದರೆ ಎಲೆಯೆಲ್ಲ ಮಚ್ಚೆ ಮಚ್ಚೆಯಾಗುತ್ತದೆ. ಒಂದು ಗಿಡ ಮುಟ್ಟಿದ ಕೈ ಮುಂದಿನ ಗಿಡಕ್ಕೂ ಕೊಡುತ್ತ ಹೋಗುತ್ತದೆ. ಬೀಜಕ್ಕೂ ಬರುತ್ತದೆ. ನಮ್ಮ ಹೆಂಗಸರೋ, ಎಲೆ ಅಡಿಕೆ ತಂಬಾಕಿಲ್ಲದೆ ಒಂದು ತಾಸು ಇರುವವರಲ್ಲ. ಆದರೂ ಒಪ್ಪಿಕೊಂಡರು. ಪರದೆಯ ಹೊರಗಿನ ಬೇವಿನ ಗಿಡಕ್ಕೆ ಎಲೆ ಅಡಿಕೆಯ ಸಂಚಿಗಳನ್ನು ತೂಗುಹಾಕಿ, ಸಾಬೂನಿನಿಂದ ಕೈ ತೊಳೆದು ಒಳಗೆ ಹೋಗುತ್ತಿದ್ದರು. ಸಾಬೂನು ಮೇಲಿಂದ ಮೇಲೆ ಮಾಯವಾಗುತ್ತದೆಂದು ನಾನು ಅದನ್ನು ನನ್ನ ಚೀಲದಲ್ಲೇ ಇಟ್ಟುಕೊಂಡು, ಮುಂಜಾನೆ ಒಮ್ಮೆ, ಊಟದ ನಂತರ ಒಮ್ಮೆ ಹೊರತೆಗೆಯುತ್ತಿದ್ದೆ. ಸಂಜೆ ಮನೆಗೆ ಹೊರಡುವವರೆಗೆ ಯಾರೂ ಸಂಚಿ ಬಿಚ್ಚಕೂಡದು ಎಂಬುದು ನಾನು ಹಾಕಿದ ನಿಯಮ. ಬಿಚ್ಚಬೇಕಿದ್ದರೆ ನನ್ನನ್ನು ಕೇಳಬೇಕು.

ಒಂದು ಮಧ್ಯಾಹ್ನ ಕರೆಂಟು ತಡವಾಗಿ ಬಂತು. ಉಳಿದವರೆಲ್ಲ ಊಟ ಮುಗಿಸಿ ಕೈ ತೊಳೆದು ಪರದೆಗೆ ಹೋಗಿದ್ದರು. ನಾನೊಬ್ಬಳೇ ಟಿ.ವಿ. ಮುಂದೆ ಕೂತಿದ್ದೆ. ಅವತ್ತಿನ ತುಣುಕು ಔಷಧಿ ಅಂಗಡಿಯದು. ಕೆಂಪು ಅಂಗಿಯವಳು ಕೆನ್ನೆ ಹಿಡಿದುಕೊಂಡು "ಮೆ ದ್ವೇಲೆ ಉನಾ ಮ್ವೇಲಾ" ಅನ್ನುತ್ತಾಳೆ, ನನಗೆ ಹಲ್ಲು ನೋವು ಎಂದು. ನಾನು ಗಟ್ಟಿಯಾಗಿ ಅದನ್ನೇ ಹೇಳುತ್ತಿದ್ದೆ, ನನ್ನ ಕೆನ್ನೆ ಹಿಡಿದುಕೊಂಡು, ಅಭಿನಯ ಸಹಿತ. ಆಗ ನೀಲವ್ವ ಬಾಗಿಲಲ್ಲಿ ಬಂದು ನಿಂತಳು. ಆಕೆಯೂ ಕೆನ್ನೆ ಹಿಡಿದುಕೊಂಡಿದ್ದಳು. ಇದನ್ನು ನಾನು ಕಟ್ಟಿ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಕಟ್ಟುವುದಾಗಿದ್ದರೆ ನನಗೆ ಅನುಕೂಲವಾಗುವ ಹಾಗೆ ಕಟ್ಟುತ್ತಿದ್ದೆ.

ಆಕೆ ಸುಮಾರು ಹೊತ್ತು ನಿಂತೇ ಇದ್ದಳು. ನಾನು ಕೈ ಎತ್ತಿ ತಡಿ ಎಂದು ಸನ್ನೆ ಮಾಡಿ, ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ಕರೆಂಟು ಹೋಗುವುದರೊಳಗೆ ಮುಗಿಸಬೇಕಿತ್ತು.

"ಯವ್ವಾ, ದವಡಿಹಲ್ಲು ಸಿಡ್ಯಾಕತ್ತೈತಿ. ಕಣ್ಣು ಕಾಣವಲ್ಲದು. ಒಂದ್ ಚಿಟಿಕಿ ತಂಬಾಕ ಇಟ್ಕೊಳ್ಳೇನು? ಆಮ್ಯಾಲ ಕೈ ತೊಳ್ಕೊತೇನಿ."

"ಹೂಂ," ಅಂದೆ. ತಿರುಗಿ ನೋಡಲಿಲ್ಲ.

"ಸಾಬಾಣ ಎಲ್ಲೈತಿ?"

"ಕೊಡತೇನಿ ತಡಿ," ಅಂದೆ. ಔಷಧಿ ಅಂಗಡಿಯವನು ಆಗತಾನೇ ಕೆಂಪು ಅಂಗಿಯವಳಿಗೆ ಗುಳಿಗೆ ಕೊಡುತ್ತಿದ್ದ. ಅದು ಮುಗಿದು ನಾನು ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಬರಿ ನೀರಲ್ಲಿ ಕೈ ತೊಳೆದು ಕೆಲಸಕ್ಕೆ ಹೋಗಿದ್ದಳು, ನಾನು ಅದನ್ನು ಆಗಲೇ ಮರೆತೂ ಬಿಟ್ಟಿದ್ದೆ.

ಎರಡು ವಾರದ ಹತ್ತಿರ ಹತ್ತಿರ ಆಗಿತ್ತೇನೋ. ಮುಂಜಾನೆ ಇನೆಸ್ ಒಂದು ಗಿಡದ ಮುಂದೆ ಕೂತವಳು ಏಳಲೇ ಇಲ್ಲ. ಹೋಗಿ ನೋಡಿದರೆ ಚಿಗುರೆಲೆಯಲ್ಲಿ ತಿಳಿಹಳದಿ ಮಚ್ಚೆ. ಪಕ್ಕದ ಗಿಡದಲ್ಲೂ. ಅದರಾಚೆಗೂ. ಅವು ನೀಲವ್ವನ ಸಾಲುಗಳು. ಇನೆಸ್ ಎಲ್ಲ ಹೆಂಗಸರನ್ನೂ ಹೊರಗೆ ಕಳಿಸಿ, ನೀಲವ್ವ ಮತ್ತು ನನ್ನನ್ನು ಮಾತ್ರ ಬಲೆಯ ಬಾಗಿಲ ಹತ್ತಿರ ನಿಲ್ಲಿಸಿಕೊಂಡಳು. "ಈಕೆ ತಂಬಾಕು ಮುಟ್ಟಿದ್ದಳೇ? ಕೇಳು," ಅಂದಳು. ಒಂದೊಂದು ಶಬ್ದವೂ ನನಗೆ ಅರ್ಥವಾಯಿತು. ಐದು ಸಿ.ಡಿ.ಗಳ ವಿದ್ಯೆ ಪೂರಾ ಕೈಗೂಡಿದ್ದು ಆ ಗಳಿಗೆಯಲ್ಲಿ.

ಕೇಳಿದೆ. ನೀಲವ್ವ ನನ್ನ ಮುಖ ನೋಡಿ, "ಹೌದಂತ ಹೇಳು," ಅಂದಳು. ಅಷ್ಟೇ. ಇನ್ನೇನೂ ಸೇರಿಸಲಿಲ್ಲ.

ನಾನು ಇನೆಸಳ ಕಡೆ ತಿರುಗಿ "ನೋ" ಅಂದೆ. ಇಲ್ಲವಂತೆ, ಮುಟ್ಟಿಯೇ ಇಲ್ಲವಂತೆ.

ಯಾಕೆ ಹಾಗೆ ಹೇಳಿದೆ? ನೀಲವ್ವನ ಹೆಸರು ಕೆಡಬಾರದೆಂದು, ಹಿರಿಯ ಜೀವ ನಾಲ್ಕು ಜನರ ಮುಂದೆ ತಲೆ ತಗ್ಗಿಸಬಾರದೆಂದು. ಬಹಳ ವರ್ಷ ನನಗೆ ನಾನೇ ಕೊಟ್ಟುಕೊಂಡ ಉತ್ತರ ಇದು. ಆದರೆ ಹೌದು ಅಂದಿದ್ದರೆ ಮುಂದಿನ ಪ್ರಶ್ನೆ ಯಾರನ್ನು ಕೇಳಿ ಇಟ್ಟುಕೊಂಡೆ ಎಂದು ಬರುತ್ತಿತ್ತು. ಆ ಪ್ರಶ್ನೆಗೆ ಹೆದರಿಯೇ ನಾನು ಇಲ್ಲ ಅಂದದ್ದು.

ಇನೆಸ್ ಮತ್ತೊಮ್ಮೆ ಆ ಸಾಲುಗಳ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದಳು. ಈಕೆಯ ಕೈಯಿಂದ ಬಂದಿದ್ದರೆ ಈಕೆಯ ಸಾಲುಗಳನ್ನಷ್ಟೇ ಕೀಳಿಸುತ್ತಿದ್ದೆ. ಹೇಗೆ ಬಂತೆಂದು ಗೊತ್ತಾದರೆ ಎಲ್ಲಿಯವರೆಗೆ ಹೋಗಿದೆ ಎಂದೂ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಇಲ್ಲಿನ ಯಾವ ಗಿಡವನ್ನೂ ನಂಬುವ ಹಾಗಿಲ್ಲ. ಎಲ್ಲ ಕೀಳಬೇಕು. "ತೋದಾಸ್," ಅಂದಳು. ಎಲ್ಲ.

ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ ಹೆಂಗಸರಿಗೆ ಅದನ್ನು ನಾನೇ ಹೇಳಬೇಕಾಯಿತು. ಒಬ್ಬಳು, "ನಮ್ಮ ಸಾಲು ಚಲೋ ಅದಾವಲ್ರಿ," ಅಂದಳು. ಮೂವತ್ತು ಜನರ ಹಂಗಾಮು ಅದು. ಇನ್ನು ಎರಡು ತಿಂಗಳ ಕೆಲಸ ಬಾಕಿಯಿತ್ತು. ಇನೆಸ್ ರಾಣೆಬೆನ್ನೂರಿಗೆ ಫೋನ್ ಮಾಡಿ ತನ್ನ ಹರಕು ಇಂಗ್ಲಿಷಿನಲ್ಲೇ ಮ್ಯಾನೇಜರಿಗೆ ಕಿತ್ತೊಗೆಯಲು ಆಳು ಕಳಿಸಿ ಎನ್ನುತ್ತಿದ್ದಳು.

ನೀಲವ್ವ ನನ್ನ ತೋಳು ಹಿಡಿದು ಬೇವಿನ ಗಿಡದ ಹಿಂದಕ್ಕೆ ಕರೆದುಕೊಂಡು ಹೋದಳು. "ನೀ ಆಕಿಗೆ ಏನ್ ಹೇಳಿದಿ?"

"ಇಲ್ಲ ಅಂದೆ."

"ನಾ ಹೌದು ಅಂದಿದ್ನಲ್ಲ."

"ನಿನ್ನ ಹೆಸರು ಕೆಡತಿತ್ತಕ್ಕ."

ಆಕೆ ತೋಳು ಬಿಟ್ಟಳು. "ಹೋಗಿ ಖರೇ ಹೇಳಿ ಬಾ. ಲಗೂ ಹೋಗು."

ನಾನು ಹೋಗಲಿಲ್ಲ. ಸ್ಪ್ಯಾನಿಷಿನಲ್ಲಿ ಅದಕ್ಕೆ ಮಾತು ಹುಡುಕುತ್ತಿದ್ದೆ, ನಂಬಿದರೆ ನಂಬಿ. ಗಡ್ಡದವನೂ ಕೆಂಪು ಅಂಗಿಯವಳೂ ಐದು ಸಿ.ಡಿ. ಪೂರ್ತಿ ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ನನ್ನ ಹತ್ತಿರ ಇದ್ದದ್ದು, ಕ್ಷಮಿಸಿ, ಇದು ನನ್ನ ಬಸ್ಸಲ್ಲ ಅನ್ನುವ ಮಾತು. ಆದರೆ ಮಾತಿನ ಕೊರತೆ ಬರಿ ನೆಪ. ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ್ದರೂ ಆಕೆಗೆ ತಿಳಿಯುತ್ತಿತ್ತು.

ನೀಲವ್ವ ಮತ್ತೆ ನನ್ನನ್ನು ಒತ್ತಾಯಿಸಲಿಲ್ಲ. ಕೊಂಬೆಯಿಂದ ತನ್ನ ಸಂಚಿ ಇಳಿಸಿಕೊಂಡು, ಎಲ್ಲ ಹೆಂಗಸರ ಕಣ್ಣೆದುರು ಇನೆಸಳ ಹತ್ತಿರ ನಡೆದಳು. ಸಂಚಿ ಬಿಚ್ಚಿ ತಂಬಾಕು ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಇನ್ನೊಂದು ಕೈಯಿಂದ ಕೆನ್ನೆ ಹಿಡಿದುಕೊಂಡಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು:

"ಮೆ ದ್ವೇಲೆ ಉನಾ ಮ್ವೇಲಾ."

ಇನೆಸ್ ಫೋನು ಕೆಳಗಿಳಿಸಿದಳು. ನೀಲವ್ವ ತನ್ನ ಅಂಗೈ ತೋರಿಸಿ, ಬಲೆಯೊಳಗೆ ತನ್ನ ಸಾಲುಗಳ ಕಡೆ ಬೆರಳು ಮಾಡಿ, ಉಳಿದ ಸಾಲುಗಳ ಕಡೆ ಇಲ್ಲವೆಂದು ಕೈ ಆಡಿಸಿದಳು. ಇನೆಸಳಿಗೆ ಎಲ್ಲ ತಿಳಿಯಿತು. ಆಕೆ ನನ್ನ ಕಡೆ ತಿರುಗಿ ಕೇಳಿದಳು: "ಹಾಗಾದರೆ ಮೊದಲು ಯಾಕೆ ಇಲ್ಲ ಅಂದಳು?"

ನೀಲವ್ವನಿಗೆ ಆ ಪ್ರಶ್ನೆ ತಿಳಿಯಲಿಲ್ಲ. ನಾನು ಅದನ್ನು ಆಕೆಗೆ ಹೇಳಲೂ ಇಲ್ಲ. ನಾನೇ ಉತ್ತರ ಕೊಟ್ಟೆ. "ಹೆದರಿದ್ದಳು." ಇಷ್ಟು ಹೇಳಲು ನನಗೆ ಸ್ಪ್ಯಾನಿಷ್ ಚೆನ್ನಾಗಿಯೇ ಬಂತು.

ನೀಲವ್ವನ ಸಾಲು, ಅದರ ಆಚೆ ಈಚೆ ಒಂದೊಂದು ಸಾಲು ಹೋದವು. ಆಕೆಯೇ ಮುಂದೆ ನಿಂತು ಕಿತ್ತಳು, ಚೀಲಕ್ಕೆ ತುಂಬಿದಳು, ದೂರ ಒಯ್ದು ಸುಟ್ಟಳು. ಉಳಿದದ್ದೆಲ್ಲ ಉಳಿಯಿತು. ಆ ಬೀಜ ಪಾಸೂ ಆಯಿತು. ಮ್ಯಾನೇಜರು, "ನೀ ಇದ್ದದ್ದಕ್ಕ ಪರದೆ ಉಳೀತು ನೋಡವ್ವ," ಎಂದು ಮರುವರ್ಷವೂ ನನ್ನನ್ನೇ ಇನೆಸಳ ಜೊತೆ ಹಾಕಿದರು. ನೀಲವ್ವನನ್ನು ಮಾತ್ರ ಅವತ್ತೇ ಬಿಡಿಸಿದರು. ತಂಬಾಕು ಮುಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಬೀಜದ ಸೀಮೆಯಲ್ಲಿ ಇಂಥ ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಮುಂದಿನ ಹಂಗಾಮಿಗೆ ಯಾವ ಕಂಪನಿಯವರೂ ಆಕೆಯ ಬಾಗಿಲಿಗೆ ಬರಲಿಲ್ಲವಂತೆ. ಕಳೆ ಕೀಳಲು ಹೋಗುತ್ತಾಳೆಂದು ಯಾರೋ ಹೇಳಿದರು.

ನಾನು ಮದುವೆಯಾಗಿ ಹಾವೇರಿಗೆ ಬಂದೆ, ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತೇನೆ. ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ, ಬೀಗರ ಮನೆಯಲ್ಲಿ, ಮುಂಜಿ ಮದುವೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕುಪ್ಪೇಲೂರಿನ ಹೆಂಗಸು ಕೆನ್ನೆ ಹಿಡಿದುಕೊಂಡು ಸ್ಪ್ಯಾನಿಷ್ ಮಾತಾಡಿ ಪರದೆ ಉಳಿಸಿದ ಕಥೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಹೂಂ ಅಂದವಳು ಆ ಕಥೆಯಲ್ಲಿ ಇರುವುದಿಲ್ಲ. ಇಲ್ಲ ಅಂದವಳೂ ಇರುವುದಿಲ್ಲ.

ಬಸ್ಸಿನ ಹುಡುಗಿಗೂ ಹಾಗೇ ಹೇಳಿದೆ. ಅವಳೂ ನಕ್ಕಳು. ನಕ್ಕು ಮುಗಿಸಿ ಕೇಳಿದಳು: "ಅವ್ರಿಗೆ ಆ ಮಾತು ಹೆಂಗ ಬಂತ್ರಿ ಆಂಟಿ?"

"ನಾ ಟಿ.ವಿ. ಮುಂದ ಕಲಿಯುವಾಗ ಬಾಗಲಾಗ ಭಾಳೊತ್ತು ನಿಂತು ಕೇಳಿದ್ಲು."

"ಹಲ್ಲು ನೋವಿದ್ದಾಗ ಅಷ್ಟೊತ್ತು ಯಾಕ ನಿಂತಿದ್ರು?"

ಇಷ್ಟು ವರ್ಷದಲ್ಲಿ ನಕ್ಕವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ಹುಡುಗಿ ಮತ್ತೆ ಮೊಬೈಲು ತೆಗೆದಳು. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಇಳಿದಾಗ ನನಗೆ ಅಲ್ಲಿ ಸೀರೆ ಅಂಗಡಿಯ ಕೆಲಸವಿತ್ತು. ಹೋಗಲಿಲ್ಲ. ಕುಪ್ಪೇಲೂರಿನ ಬಸ್ಸು ಹತ್ತಿದೆ. ನಡುವೆ ಎಲ್ಲಾದರೂ ಇಳಿದುಬಿಡೋಣ ಎಂದು ಎರಡು ಸಲ ಎದ್ದು ನಿಂತೆ.

ನೀಲವ್ವ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುದುಕಿಯಾಗಿದ್ದಳು. ನನ್ನನ್ನು ಕಂಡಕೂಡಲೇ ಗುರುತು ಹಿಡಿದಳು. "ಬಾರವ್ವ, ಕುಂದ್ರು," ಅಂದಳು, ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ. ಕೂತರೆ ಮಾತು ಬರುವುದಿಲ್ಲವೆಂದು ನಿಂತೇ ಹೇಳಿದೆ. ಹೂಂ ಅಂದದ್ದು, ಸಾಬೂನು ಕೊಡದಿದ್ದದ್ದು, ಇಲ್ಲ ಅಂದದ್ದು, ಆಮೇಲೆ ಹೆದರಿದ್ದಳು ಎಂದು ಸುಳ್ಳನ್ನು ಆಕೆಯ ತಲೆಗೆ ಕಟ್ಟಿದ್ದು. ಆ ಕೊನೆಯದು ಆಕೆಗೆ ಹೊಸದು. ಸುಲಿಯುವ ಕೈ ನಿಂತಿತು.

"ಹಂಗಾರ ಸುಳ್ಳಿ ಅಂತ ನನ್ನ ಬಿಡಿಸಿದ್ದು ಅದಕ," ಅಂದಳು. "ನಾ ತಂಬಾಕದ ಸಲುವಾಗಿ ಅಂತ ತಿಳ್ಕೊಂಡಿದ್ನಿ. ಸುಳ್ಳಿ ಅಂತ ಜನಾ ಯಾಕಂತಾರ, ತಿಳೀತಿರಲಿಲ್ಲ."

"ನನ್ನ ಕೇಳೇ ಇಟ್ಕೊಂಡಿ ಅಂತ ನೀನಾರ ಯಾಕ ಹೇಳಲಿಲ್ಲಕ್ಕ?"

"ಸಣ್ಣ ಹುಡುಗಿ, ಕೆಲಸ ಹೋಗತೈತಿ ಅಂತ ಅವತ್ತ ತಡದ್ನಿ. ನೀನ ಬಂದು ಹೇಳ್ತಿ ಅಂತ ಆಮ್ಯಾಲ ಕಾದ್ನಿ." ಮೊರ ಪಕ್ಕಕ್ಕಿಟ್ಟು ಎದ್ದಳು. ನಾನು ಅಳುತ್ತಿದ್ದೆ. ಆಕೆ ಅದರ ಕಡೆ ಗಮನ ಕೊಡಲಿಲ್ಲ. "ನನ್ನ ಮುಂದ ಹೇಳಿದ್ರೇನ್ ಬಂತು. ಗುಡಿಕಟ್ಟಿ ಮ್ಯಾಲ ಪರದೆ ಕೆಲಸದವ್ರೆಲ್ಲಾ ಕುಂತಾರ. ನಡಿ, ಅಲ್ಲಿ ಹೇಳು."

ಕಟ್ಟೆಯ ಮೇಲೆ ಏಳೆಂಟು ಹೆಂಗಸರಿದ್ದರು. ಪರದೆಯಲ್ಲಿ ಕೆಲಸ ಮಾಡಿದವರೇ ಹೆಚ್ಚು, ಕೂದಲು ಬೆಳ್ಳಗಾದವರು. ನೀಲವ್ವ ಅವರ ನಡುವೆ ಜಾಗ ಮಾಡಿಕೊಂಡು ನನಗೆ ಎದುರಾಗಿ ಕೂತಳು. "ಪರದೆದಾಗಿನ ಮೇಡಮ್ಮ ಬಂದಾಳ. ಏನೋ ಹೇಳೂದೈತಂತ," ಅಂದಳು. ಮೂವತ್ತು ವಾಕ್ಯದ ಪೀಠಿಕೆ ತಲೆಯಲ್ಲಿ ಸಿದ್ಧವಾಗಿತ್ತು. ಅದನ್ನು ಬಿಟ್ಟೆ.

"ಅವತ್ತ ನೀಲಕ್ಕ ನನ್ನ ಕೇಳೇ ತಂಬಾಕ ಇಟ್ಕೊಂಡಿದ್ಲು. ನಾ ಹೂಂ ಅಂದಿದ್ನಿ. ಸುಳ್ಳು ಹೇಳಿದಾಕಿ ನಾನು, ಆಕಿ ಅಲ್ಲ."

ತುದಿಯಲ್ಲಿ ಕೂತಿದ್ದ ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು.

"ಮತ್ತ ಇಷ್ಟ್ ವರ್ಷ ಎಲ್ಲಿಗಿ ಹೋಗಿದ್ದಿ?"

"ಎಲ್ಲಿಗೂ ಇಲ್ಲ," ಅಂದೆ. "ಹಾವೇರಿಯಾಗ ಇದ್ನಿ."